ಬಿಚ್ಚಿ ಕಟ್ಟುವ ಉಗಿಬಂಡಿ

ಚೌಕನೆಯ ಇಟ್ಟಿಗೆಗಳಿಂದ ದುಂಡನೆಯದೊಂದನ್ನು ಕಟ್ಟುತ್ತೇನೆ ಎಂದರೆ ಕೇಳಿದವರು ನಕ್ಕಾರು. ಉಗಿ ಎಂಜಿನ್ ಎಂಬುದು ಅಡಿಯಿಂದ ಮುಡಿಯವರೆಗೆ ದುಂಡು. ಬಾಯ್ಲರ್ ದುಂಡು, ಚಿಮಣಿ ದುಂಡು, ಗಾಲಿ ದುಂಡು, ಹಣೆಯ ಮೇಲಿನ ದೀಪ ಕೂಡ ದುಂಡು. ಆದರೂ ಲೆಗೋ ಎಂಬ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಮುಂದೆ ಸುರಿದುಕೊಂಡು ಕೂತವರಲ್ಲಿ ಒಂದು ದೊಡ್ಡ ಗುಂಪು, ಮಕ್ಕಳಷ್ಟೇ ಅಲ್ಲ, ತಲೆ ನರೆತವರೂ ಸೇರಿದಂತೆ, ಹಟ ಹಿಡಿದು ಕಟ್ಟುತ್ತ ಬಂದಿರುವುದು ಇದನ್ನೇ. ಡೀಸೆಲ್ ಎಂಜಿನ್ ಕಟ್ಟುವುದು ಸುಲಭ. ಅದು ಹುಟ್ಟಿನಿಂದಲೇ ಪೆಟ್ಟಿಗೆ. ಯಂತ್ರವೆಲ್ಲ ಒಳಗೆ, ಹೊರಗೆ ನಾಲ್ಕು ಗೋಡೆ. ಉಗಿಬಂಡಿ ಹಾಗಲ್ಲ. ಅದರ ಕೈಕಾಲೆಲ್ಲ ಹೊರಗೇ ಆಡುತ್ತಿರುತ್ತವೆ. ಅಲ್ಲಿ ತಪ್ಪಿದರೆ ಮುಚ್ಚಿಕೊಳ್ಳಲು ಜಾಗವಿಲ್ಲ.

ಇಂಥ ಆಟಿಕೆ ಮನೆಗೆ ಬಂದಾಗ ಸಾಮಾನ್ಯವಾಗಿ ನಡೆಯುವುದು ಹೀಗೆ. ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ತೋರಿಸಿದಂತೆ ಹೆಜ್ಜೆ ಹೆಜ್ಜೆಯಾಗಿ ಜೋಡಿಸಿದರೆ ಎರಡು ಮೂರು ದಿನಕ್ಕೆ ಎಂಜಿನ್ ಸಿದ್ಧ. ಅಪ್ಪ ಅದನ್ನು ಷೋಕೇಸಿಗೆ ಏರಿಸುತ್ತಾನೆ. ಬಂದ ನೆಂಟರಿಗೆಲ್ಲ ತೋರಿಸುವುದೂ ಆಗುತ್ತದೆ. ಒಂದು ವಾರ ಕಳೆದು ಮಗಳು ಅದರ ಹೊಟ್ಟೆ ಬಿಚ್ಚಿಕೊಂಡು ಕೂತಾಗ ಮನೆಯಲ್ಲಿ ರಂಪ. ‘ಅಷ್ಟು ದುಡ್ಡು ಸುರಿದು ತಂದದ್ದು ಮುರಿಯುವುದಕ್ಕೇನು?’ ಪ್ರಶ್ನೆ ಅನ್ಯಾಯದ್ದಲ್ಲ. ಈ ಇಟ್ಟಿಗೆಗಳ ಬೆಲೆ ಮಧ್ಯಮ ವರ್ಗದ ಜೇಬಿಗೆ ಹಗುರವಾದುದಲ್ಲ. ಆದರೆ ಪ್ರಶ್ನೆಗೆ ಉತ್ತರ ಆ ಇಟ್ಟಿಗೆಯ ಹೊಟ್ಟೆಯಲ್ಲೇ ಇದೆ. ಒಂದನ್ನು ತೆಗೆದು ಬೋರಲು ಹಾಕಿ ನೋಡಿದರೆ ಸಾಕು.

ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಮರದ ಆಟಿಕೆ ಮಾಡಲು ತೊಡಗಿದ. ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಷ್ ಪದಗಳನ್ನು ಕೂಡಿಸಿ ಲೆಗೋ ಎಂದು ಹೆಸರಿಟ್ಟ. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಆಗ ಅದರ ಒಳಭಾಗ ಬರಿದೇ ಟೊಳ್ಳು. ಒಂದರ ಮೇಲೊಂದು ಇಟ್ಟರೆ ಕೂರುತ್ತಿತ್ತು, ತುಸು ಅಲುಗಿಸಿದರೆ ಜಾರುತ್ತಿತ್ತು. 1958ರಲ್ಲಿ ಒಳಗೆ ಕೊಳವೆಗಳನ್ನು ಸೇರಿಸಿ ಪೇಟೆಂಟ್ ಪಡೆದರು. ಕೆಳಗಿನ ಇಟ್ಟಿಗೆಯ ಗುಬುಟುಗಳು ಮೇಲಿನದರ ಗೋಡೆಗೂ ಕೊಳವೆಗೂ ನಡುವೆ ಸಿಕ್ಕಿ ಬಿಗಿಯುತ್ತವೆ. ಬಿಗಿತ ಎಷ್ಟಿರಬೇಕೆಂದರೆ, ತಾನಾಗಿ ಬಿಡಬಾರದು, ಮಗುವಿನ ಬೆರಳು ಎಳೆದರೆ ಬಿಡಬೇಕು. ಅಂದರೆ ಕೂಡುವುದಕ್ಕೆ ಎಷ್ಟು ತಲೆ ಕೆಡಿಸಿಕೊಂಡರೋ ಬಿಚ್ಚುವುದಕ್ಕೂ ಅಷ್ಟೇ. 1958ರ ಇಟ್ಟಿಗೆಗೆ ಇವತ್ತು ಕೊಂಡು ತಂದ ಇಟ್ಟಿಗೆ ಕೂಡುತ್ತದೆ. ಹಾಗಿರುವಾಗ ಅದನ್ನು ಒಂದೇ ಆಕಾರದಲ್ಲಿ ಗಾಜಿನ ಹಿಂದೆ ಕೂರಿಸಿಡುವುದು, ಹಾರ್ಮೋನಿಯಂ ಕೊಂಡು ತಂದು ಒಂದೇ ಹಾಡು ನುಡಿಸಿದ ಹಾಗೆ. ಎಂಟು ಗುಬುಟಿನ ಒಂದೇ ಬಣ್ಣದ ಇಟ್ಟಿಗೆ ಆರು ಇದ್ದರೆ ಅವನ್ನು 91,51,03,765 ವಿಧದಲ್ಲಿ ಕೂಡಿಸಬಹುದೆಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ಹಾಕಿ ತೋರಿಸಿದ್ದಾರೆ. ಬರೀ ಆರು!

ರೈಲು ಈ ಸಂಸಾರಕ್ಕೆ ಸೇರಿದ್ದು 1966ರಲ್ಲಿ, ಬ್ಯಾಟರಿಯ ಬಲದಿಂದ. ಮುಂದೆ 12 ವೋಲ್ಟಿನ ರೈಲು, 1991ರಿಂದ ಲೋಹದ ಹಳಿಯಲ್ಲೇ ವಿದ್ಯುತ್ ಹರಿಯುವ 9 ವೋಲ್ಟಿನ ರೈಲು, ಅದು ನಿಂತ ಮೇಲೆ ಮತ್ತೆ ಬ್ಯಾಟರಿ. ಉಗಿಬಂಡಿ ಕಟ್ಟುವವರ ಪಾಲಿಗೆ ಮರೆಯಲಾಗದ ವರ್ಷ 2009. ಆ ವರ್ಷ ‘ಎಮರಾಲ್ಡ್ ನೈಟ್’ ಎಂಬ ಗಾಢ ಹಸಿರು ಬಣ್ಣದ ಎಂಜಿನ್ ಬಂತು, 1085 ಬಿಡಿಭಾಗ. ಅದರ ಜೊತೆಗೇ ಹೊಸ ದೊಡ್ಡ ಗಾಲಿಯೂ ಬಂತು. ಅದಕ್ಕೆ ಮೊದಲು ದೊಡ್ಡ ಗಾಲಿ ಬೇಕೆಂದವರಲ್ಲಿ ಅನೇಕರು ಬಿಗ್ ಬೆನ್ ಬ್ರಿಕ್ಸ್ ಎಂಬ ಅಮೆರಿಕದ ಪುಟ್ಟ ಸಂಸ್ಥೆಯ ಗಾಲಿ ತರಿಸುತ್ತಿದ್ದರು. ಮಹಲು ಕಟ್ಟುವಷ್ಟು ಇಟ್ಟಿಗೆ ಇದ್ದೂ ಗಾಲಿಯೊಂದಿಲ್ಲದೆ ಕೂತವರ ಸಂಕಟ ಊಹಿಸಿಕೊಳ್ಳಬಹುದು.

ಇನ್ನು ಕಟ್ಟುವ ವಿಷಯ. ಮೊದಲು ಅಳತೆ. ಲೆಗೋದಲ್ಲಿ ಒಂದು ಗುಬುಟಿನಿಂದ ಮತ್ತೊಂದಕ್ಕೆ 8 ಮಿಲಿಮೀಟರ್. ರೈಲು ಹಳಿಗಳ ನಡುವಿನ ಅಂತರ ಸುಮಾರು 37.5 ಮಿಲಿಮೀಟರ್. ಇಂಗ್ಲೆಂಡಿನ ಹಳಿಗಳ ಅಂತರ 1435 ಮಿಲಿಮೀಟರ್. ಭಾಗಿಸಿದರೆ 38 ಚಿಲ್ಲರೆ ಬರುತ್ತದೆ. ಅಂದರೆ ಹಳಿಯನ್ನೇ ನಂಬುವುದಾದರೆ ಎಂಜಿನ್ನನ್ನು 38ರಲ್ಲಿ ಒಂದು ಪಾಲು ಮಾಡಿ ಕಟ್ಟಬೇಕು. 1923ರಲ್ಲಿ ಡಾಂಕಾಸ್ಟರ್ ಕಾರ್ಖಾನೆಯಿಂದ ಹೊರಬಂದ, ನೈಜೆಲ್ ಗ್ರೆಸ್ಲಿ ವಿನ್ಯಾಸ ಮಾಡಿದ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಜಿನ್ನನ್ನೇ ತೆಗೆದುಕೊಳ್ಳಿ. 1934ರಲ್ಲಿ ಗಂಟೆಗೆ ನೂರು ಮೈಲಿ ಓಡಿತೆಂದು ಅಧಿಕೃತ ದಾಖಲೆಯಾದ ಮೊದಲ ಉಗಿ ಎಂಜಿನ್ ಅದು. ಅದರ ದೊಡ್ಡ ಗಾಲಿ ಆರಡಿ ಎಂಟಂಗುಲ. ಪಕ್ಕದಲ್ಲಿ ನಿಂತ ಮನುಷ್ಯ ಗಾಲಿಗಿಂತ ಗಿಡ್ಡ. 38ರಿಂದ ಭಾಗಿಸಿದರೆ 53 ಮಿಲಿಮೀಟರ್. ಎಂಜಿನ್ನಿನ ಅಗಲ ಸುಮಾರು 2.7 ಮೀಟರ್, ಭಾಗಿಸಿದರೆ 71 ಮಿಲಿಮೀಟರ್, ಹತ್ತಿರ ಹತ್ತಿರ ಒಂಬತ್ತು ಗುಬುಟು. ಆದರೆ ಪೆಟ್ಟಿಗೆಯಲ್ಲಿ ಬರುವ ರೈಲುಗಳ ಅಗಲ ಸಾಮಾನ್ಯವಾಗಿ ಆರೇ ಗುಬುಟು, 48 ಮಿಲಿಮೀಟರ್. ಅಂದರೆ ದೊಡ್ಡ ಹಳಿಯ ಮೇಲೆ ಬಡಕಲು ರೈಲು. ಆರಗಲವೋ ಎಂಟಗಲವೋ ಎಂಬ ಜಗಳ ಈ ಹವ್ಯಾಸದಲ್ಲಿ ಇಂದಿಗೂ ಬಗೆಹರಿದಿಲ್ಲ. ಆರಗಲದ್ದು ಮುದ್ದಾಗಿರುತ್ತದೆ, ಎಂಟಗಲದ್ದು ನಂಬುವ ಹಾಗಿರುತ್ತದೆ. ಎಂಟಗಲಕ್ಕೆ ಇಟ್ಟಿಗೆ ಹೆಚ್ಚು, ತೂಕ ಹೆಚ್ಚು, ಖರ್ಚೂ ಹೆಚ್ಚು. ಎಲ್ಲವನ್ನೂ ಒಂದೇ ಅಳತೆಗೆ ತಂದವರು ಯಾರೂ ಇಲ್ಲ.

ತಂದರೂ ಏನು? ಮುಂದೆ ತಿರುವು ಕಾದಿರುತ್ತದೆ.

ಲೆಗೋ ಹಳಿಯ ಹದಿನಾರು ಬಾಗಿದ ತುಂಡು ಸೇರಿಸಿದರೆ ಒಂದು ಪೂರ್ಣ ವೃತ್ತ. ಅದರ ತ್ರಿಜ್ಯ ನಲವತ್ತು ಗುಬುಟು, ಅಂದರೆ 32 ಸೆಂಟಿಮೀಟರ್. ಇದನ್ನು 38ರಿಂದ ಗುಣಿಸಿ ನಿಜವಾದ ರೈಲಿಗೆ ಹೋಲಿಸಿದರೆ ಹನ್ನೆರಡು ಮೀಟರ್ ಚಿಲ್ಲರೆ ತ್ರಿಜ್ಯದ ತಿರುವು. ಎಕ್ಸ್‌ಪ್ರೆಸ್ ಎಂಜಿನ್ನುಗಳಿಗೆ ನೂರಾರು ಮೀಟರ್ ತ್ರಿಜ್ಯ ಬೇಕು. ಹನ್ನೆರಡು ಮೀಟರಿನಲ್ಲಿ ತಿರುಗು ಎಂದರೆ ಬಸ್ಸನ್ನು ನಡುಮನೆಯಲ್ಲಿ ತಿರುಗಿಸು ಎಂದಂತೆ. ಬೋಗಿಗಳೇನೋ ತಿರುಗಿಯಾವು, ಅವುಗಳ ಗಾಲಿಕಟ್ಟುಗಳು ಗೂಟದ ಮೇಲೆ ಹೊರಳುತ್ತವೆ. ಆದರೆ ಎಂಜಿನ್ನಿನ ಮೂರು ಜೊತೆ ದೊಡ್ಡ ಗಾಲಿಗಳು ಒಂದೇ ಸಾಲಿನಲ್ಲಿ ಚೌಕಟ್ಟಿಗೆ ಗಟ್ಟಿಯಾಗಿ ಕೂತಿರುತ್ತವೆ. ಸಲಾಕೆ ಅವನ್ನು ಒಂದಕ್ಕೊಂದು ಬಿಗಿದಿರುತ್ತದೆ. ಅವು ಹೊರಳುವ ಮಾತೇ ಇಲ್ಲ.

ಹತ್ತನೆಯ ತರಗತಿಯ ರೇಖಾಗಣಿತ ಓದಿದವರು ಒಂದು ಚಿತ್ರ ಬರೆದು ನೋಡಬಹುದು. ವೃತ್ತ ಹಳಿ. ಮೊದಲ ಮತ್ತು ಮೂರನೆಯ ಗಾಲಿಗಳನ್ನು ಸೇರಿಸುವ ಗೆರೆ ಆ ವೃತ್ತದ ಜ್ಯಾ. ನಡುವಿನ ಗಾಲಿ ಜ್ಯಾದ ನಡುಮಧ್ಯದಲ್ಲಿದೆ, ಹಳಿ ಮಾತ್ರ ಕಂಸದ ಮೇಲಿದೆ. ಎರಡರ ನಡುವೆ ಅಂತರ ಎಷ್ಟು? ಜ್ಯಾದ ವರ್ಗವನ್ನು ತ್ರಿಜ್ಯದ ಎಂಟರಷ್ಟರಿಂದ ಭಾಗಿಸಿದರೆ ಸಾಕಷ್ಟು ಸರಿಯಾದ ಉತ್ತರ ಸಿಗುತ್ತದೆ. ಹಿಂದಿನ ಮುಂದಿನ ಗಾಲಿಗಳ ನಡುವೆ 120 ಮಿಲಿಮೀಟರ್ ಇದ್ದರೆ, 14,400ನ್ನು 2,560ರಿಂದ ಭಾಗಿಸಿ: ಐದೂವರೆ ಮಿಲಿಮೀಟರಿಗೂ ಕೊಂಚ ಹೆಚ್ಚು. ಹಳಿಯಿಂದ ಜಾರದಿರಲೆಂದು ಗಾಲಿಯ ಒಳಮೈಗೆ ಇರುವ ಏಣಿಗೆ ಫ್ಲ್ಯಾಂಜ್ ಎನ್ನುತ್ತಾರೆ. ಐದೂವರೆ ಮಿಲಿಮೀಟರ್ ಪಕ್ಕಕ್ಕೆ ಸರಿಯಬೇಕಾದ ನಡುಗಾಲಿಗೆ ಆ ಏಣು ಇದ್ದರೆ ಅದು ಹಳಿಯ ಮೇಲೇರುತ್ತದೆ, ಎಂಜಿನ್ ಮಗುಚುತ್ತದೆ. ಷೋಕೇಸಿನಲ್ಲಿ ಈ ವಿಷಯ ಎಂದೂ ತಿಳಿಯುತ್ತಿರಲಿಲ್ಲ.

ಮಗುಚಿದ ಎಂಜಿನ್ನಿನ ಮುಂದೆ ಕೂತ ಮಗುವಿಗೆ ಅಪ್ಪ ಅಮ್ಮ ಏನು ಹೇಳುತ್ತಾರೆ ಎಂಬುದು ಈ ಆಟದಲ್ಲಿ ಬಹು ಮುಖ್ಯ. ‘ಪುಸ್ತಕದಲ್ಲಿ ಇದ್ದಂತೆಯೇ ಕಟ್ಟಬೇಕಿತ್ತು’ ಎಂದರೆ ಅಲ್ಲಿಗೆ ಮುಗಿಯಿತು. ‘ಯಾವ ಗಾಲಿ ಮೊದಲು ಮೇಲೆದ್ದಿತು, ನೋಡಿದೆಯಾ?’ ಎಂದು ಕೇಳಿದರೆ ಮಗು ಮತ್ತೊಮ್ಮೆ ನಿಧಾನವಾಗಿ ತಳ್ಳಿ ನೋಡುತ್ತದೆ. ನಡುವಿನದು ಎಂದು ಕಂಡುಕೊಳ್ಳುತ್ತದೆ. ಅದರ ಜಾಗಕ್ಕೆ ಏಣಿಲ್ಲದ ಬೋಳು ಗಾಲಿ ಹಾಕಿದರೆ ಎಂಜಿನ್ ತಿರುವನ್ನು ದಾಟುತ್ತದೆ. ‘ಎಮರಾಲ್ಡ್ ನೈಟ್’ ಕಟ್ಟಿದವರೂ ನಡುವೆ ಹಾಕಿದ್ದು ಬೋಳು ಗಾಲಿಯನ್ನೇ.

ಇದು ಆಟಿಕೆಯವರು ಮಾಡಿದ ಮೋಸವೆಂದು ತಿಳಿಯಬೇಕಾಗಿಲ್ಲ. ಬ್ರಿಟಿಷ್ ರೈಲ್ವೆಯ 9ಎಫ್ ದರ್ಜೆಯ ಎಂಜಿನ್ನುಗಳಿಗೆ ಐದು ಜೊತೆ ಚಾಲಕ ಗಾಲಿ. ಅಷ್ಟುದ್ದದ ಸಾಲು ತಿರುವಿನಲ್ಲಿ ಸಿಕ್ಕಿಕೊಳ್ಳದಿರಲೆಂದು ನಟ್ಟನಡುವಿನ ಜೊತೆಗೆ ಫ್ಲ್ಯಾಂಜ್ ಇಡಲೇ ಇಲ್ಲ. 1960ರಲ್ಲಿ ಸ್ವಿಂಡನ್ ಕಾರ್ಖಾನೆಯಲ್ಲಿ ಸಿದ್ಧವಾದ ‘ಈವನಿಂಗ್ ಸ್ಟಾರ್’ ಈ ದರ್ಜೆಯದೇ. ಬ್ರಿಟಿಷ್ ರೈಲ್ವೆ ಕಟ್ಟಿದ ಕೊನೆಯ ಉಗಿ ಎಂಜಿನ್ ಅದು. ಚಾಪೆಯ ಮೇಲೆ ಕೂತ ಹುಡುಗಿಗೂ ಬ್ರಿಟಿಷ್ ರೈಲ್ವೆಯ ಎಂಜಿನಿಯರಿಗೂ ಎದುರಾದದ್ದು ಒಂದೇ ಲೆಕ್ಕ, ಸಿಕ್ಕಿದ್ದೂ ಒಂದೇ ಉತ್ತರ.

ಇದಕ್ಕಿಂತ ಸೊಗಸಾದದ್ದು ಸಲಾಕೆಯ ಕತೆ. ಸೈಕಲ್ ತುಳಿಯುವ ಎಲ್ಲರಿಗೂ ಗೊತ್ತು: ಪೆಡಲ್ ನೆಟ್ಟಗೆ ಮೇಲಿದ್ದಾಗ ಎಷ್ಟು ಒತ್ತಿದರೂ ಸೈಕಲ್ ಮುಂದೆ ಹೋಗದು. ಉಗಿ ಎಂಜಿನ್ನಿನ ಪಿಸ್ಟನ್ನಿಗೂ ಇಂಥ ಗತಿ ಒಂದು ಸುತ್ತಿಗೆ ಎರಡು ಬಾರಿ ಬರುತ್ತದೆ. ಎಡಬಲ ಎರಡೂ ಬದಿಯ ಪಿಸ್ಟನ್ನುಗಳಿಗೆ ಒಟ್ಟಿಗೇ ಹಾಗಾದರೆ, ನಿಂತ ರೈಲು ನಿಂತೇ ಇರುತ್ತದೆ. ಆದ್ದರಿಂದ ಒಂದು ಬದಿಯ ಕ್ರ್ಯಾಂಕನ್ನು ಇನ್ನೊಂದಕ್ಕಿಂತ ಕಾಲು ಸುತ್ತು, 90 ಡಿಗ್ರಿ, ಮುಂದಿಟ್ಟರು. ಒಂದು ಸೋತಾಗ ಇನ್ನೊಂದು ಪೂರ್ತಿ ಬಲದಲ್ಲಿರುತ್ತದೆ. ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಅಲ್ಲಿ ನಿಂತಿರುವ ಉಗಿ ಎಂಜಿನ್ನಿನ ಒಂದು ಬದಿಯ ಸಲಾಕೆ ಎಲ್ಲಿದೆ ಎಂದು ಗುರುತಿಟ್ಟುಕೊಂಡು, ಒಂದು ಸುತ್ತು ಹಾಕಿ ಮತ್ತೊಂದು ಬದಿಯನ್ನು ನೋಡುವಂತೆ ಹೇಳಬಹುದು. ಫೋಟೋ ತೆಗೆಸಿಕೊಂಡು ಐಸ್‌ಕ್ರೀಂ ತಿಂದು ಬರುವುದಕ್ಕಿಂತ ಇದು ಮೇಲು. ಐಸ್‌ಕ್ರೀಂ ಆಮೇಲೂ ತಿನ್ನಬಹುದು.

ಲೆಗೋ ಎಂಜಿನ್ನಿನಲ್ಲಿ ಉಗಿ ಇಲ್ಲ, ಪಿಸ್ಟನ್ ತಳ್ಳುವುದೂ ಇಲ್ಲ. ಮೋಟಾರು ಗಾಲಿಯನ್ನು ತಿರುಗಿಸುತ್ತದೆ, ಗಾಲಿ ಸಲಾಕೆಯನ್ನು ಆಡಿಸುತ್ತದೆ. ಕಾರಣ ಕಾರ್ಯಗಳು ಅದಲು ಬದಲು. ಹಾಗಾದರೆ ಕಾಲು ಸುತ್ತಿನ ಉಸಾಬರಿ ಏಕೆ, ಎರಡೂ ಬದಿ ಒಂದೇ ರೀತಿ ಇಟ್ಟರೆ ನೋಡಲು ಚೆಂದವಲ್ಲವೇ ಎಂದು ಮೊದಲ ಸಲ ಕಟ್ಟುವವರಿಗೆ ಅನಿಸುವುದು ಸಹಜ. ಇಟ್ಟು ನೋಡಲಿ. ಮೋಟಾರು ಒಂದೇ ಅಚ್ಚನ್ನು ತಿರುಗಿಸುವಾಗ ಉಳಿದ ಗಾಲಿಗಳು ಸಲಾಕೆಯ ಬಲದಿಂದಲೇ ತಿರುಗಬೇಕು. ಸಲಾಕೆ ಗಾಲಿಯ ನಡುಬಿಂದುವಿನ ನೇರಕ್ಕೆ ಬಂದ ಗಳಿಗೆಯಲ್ಲಿ ಆ ಗಾಲಿಗೆ ಹಿಂದಕ್ಕೆ ತಿರುಗಬೇಕೋ ಮುಂದಕ್ಕೋ ತಿಳಿಯದು. ಒಂದು ಸಲ ತಪ್ಪು ದಿಕ್ಕಿಗೆ ಹೊರಳಿದರೆ ಸಲಾಕೆಗಳು ಕಚ್ಚಿಕೊಂಡು ಎಂಜಿನ್ ಗಕ್ಕನೆ ನಿಲ್ಲುತ್ತದೆ. ಇನ್ನೊಂದು ಬದಿ ಕಾಲು ಸುತ್ತು ಮುಂದಿದ್ದರೆ ಅದು ದಾರಿ ತೋರಿಸುತ್ತದೆ. ಲೆಗೋದ ಅಚ್ಚು ಅಡ್ಡಕೊಯ್ದರೆ ಅಧಿಕ ಚಿಹ್ನೆಯ ಆಕಾರದಲ್ಲಿರುವುದರಿಂದ ಕಾಲು ಸುತ್ತು ಎಂಬುದು ಅಳೆಯದೆಯೇ ಸಿಗುತ್ತದೆ. ಗಾಲಿ ಕಳಚಿ, ಒಂದು ಮೂಲೆ ತಿರುಗಿಸಿ, ಮತ್ತೆ ತೂರಿಸಿದರಾಯಿತು. ಆದರೆ ಅದೇ ಅಚ್ಚು ಇನ್ನೊಂದು ಕಡೆ ಕೈಕಟ್ಟುತ್ತದೆ. ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ಗೆ ಮೂರು ಸಿಲಿಂಡರು, ಅವುಗಳ ಕ್ರ್ಯಾಂಕುಗಳ ನಡುವೆ ಸುಮಾರು 120 ಡಿಗ್ರಿ. ಅಧಿಕ ಚಿಹ್ನೆಗೆ 120 ಗೊತ್ತಿಲ್ಲ. ಮೂರನೆಯ ಸಿಲಿಂಡರು ಹೊಟ್ಟೆಯೊಳಗೆ ಕಾಣದಂತಿರುವುದರಿಂದ ಕಟ್ಟುವವರು ಸುಮ್ಮನೆ 90 ಇಟ್ಟು ಮುಂದೆ ಹೋಗುತ್ತಾರೆ. ಗೊತ್ತಿದ್ದವರ ಕಣ್ಣಿಗೆ ಮಾತ್ರ ಅದು ಬೀಳುತ್ತದೆ.

ಎಳೆಯುವ ಶಕ್ತಿಯದು ಮತ್ತೊಂದು ತಲೆನೋವು. ಪ್ಲಾಸ್ಟಿಕ್ ಗಾಲಿ ಹಳಿಯ ಮೇಲೆ ಜಾರುತ್ತದೆ. ನಿಜವಾದ ಎಂಜಿನ್ನಿನಲ್ಲಿ ಉಕ್ಕಿನ ಗಾಲಿಯೂ ಜಾರುತ್ತಿತ್ತು. ಅದಕ್ಕೆಂದೇ ಮರಳಿನ ಡಬ್ಬ ಇಟ್ಟು ಗಾಲಿಯ ಮುಂದೆ ಮರಳು ಉದುರಿಸುತ್ತಿದ್ದರು. ಇಲ್ಲಿ ಮರಳಿನ ಬದಲು ಗಾಲಿಗೆ ರಬ್ಬರ್ ಉಂಗುರ ತೊಡಿಸುತ್ತಾರೆ. ಭಾರ ಎಲ್ಲಿರಬೇಕೆಂಬುದೂ ಯೋಚಿಸಬೇಕಾದ್ದೇ. ಮೋಟಾರನ್ನು ಬಾಯ್ಲರಿನೊಳಗೆ ಅಡಗಿಸಿ, ಬ್ಯಾಟರಿಯನ್ನು ಹಿಂದಿನ ಟೆಂಡರಿನಲ್ಲಿ, ಅಂದರೆ ಕಲ್ಲಿದ್ದಲು ನೀರು ಹೊರುವ ಬಂಡಿಯಲ್ಲಿ ಇಟ್ಟರೆ ಭಾರ ದೊಡ್ಡ ಗಾಲಿಗಳ ಮೇಲೆ ಬೀಳುತ್ತದೆ. ಜಾಗ ಸಾಲದವರು ಮೋಟಾರನ್ನೂ ಟೆಂಡರಿಗೇ ತಳ್ಳುತ್ತಾರೆ. ಆಗ ಎಂಜಿನ್ ರೈಲನ್ನು ಎಳೆಯುವುದಿಲ್ಲ; ಟೆಂಡರೇ ಎಂಜಿನ್ನನ್ನು ಮುಂದಕ್ಕೆ ನೂಕುತ್ತದೆ. ನೋಡುವವರಿಗೆ ಗೊತ್ತಾಗದು, ಸಲಾಕೆಗಳು ಬಿಗಿಯಾಗಿ ಗಾಲಿ ತಿರುಗದೆ ಉಜ್ಜಿಕೊಂಡು ಹೋಗುವವರೆಗೆ.

ಚೌಕದಿಂದ ದುಂಡು ಹೇಗೆ ಬಂತೆಂದು ಹೇಳುವುದು ಉಳಿಯಿತು. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ತೆಳು ಹಲಗೆಯದು ಅದರ ಮೂರನೆಯ ಒಂದು, 3.2. ಐದು ಹಲಗೆ ಪೇರಿಸಿದರೆ 16 ಮಿಲಿಮೀಟರ್, ಅದು ಸರಿಯಾಗಿ ಎರಡು ಗುಬುಟಿನ ಅಗಲ. ಈ ಒಂದು ಸಮೀಕರಣ ಗೊತ್ತಾದರೆ ಇಟ್ಟಿಗೆಗಳನ್ನು ಮಗ್ಗುಲಾಗಿಯೂ ತಲೆಕೆಳಗಾಗಿಯೂ ಕೂರಿಸಿ ಲೆಕ್ಕ ಹೊಂದಿಸಬಹುದು. ನಡುವೆ ಚೌಕನೆಯ ಕಂಬ, ಅದರ ನಾಲ್ಕು ಮುಖಕ್ಕೂ ಹೊರಗಡೆ ಗುಬುಟು ಇರುವ ಇಟ್ಟಿಗೆ, ಅವುಗಳಿಗೆ ಬಾಗಿದ ಚಿಪ್ಪು. ದೂರದಿಂದ ನೋಡಿದರೆ ಬಾಯ್ಲರ್ ಅಚ್ಚುಕಟ್ಟಾಗಿ ದುಂಡು.

ಗಾಲಿ ಸಲಾಕೆಗಳನ್ನು ಬೇರೆ ಕಡೆಯಿಂದ ತರಿಸಬಹುದೇ, ಇಟ್ಟಿಗೆ ಕತ್ತರಿಸಬಹುದೇ, ಬಣ್ಣ ಬಳಿಯಬಹುದೇ ಎಂದು ಈ ಹವ್ಯಾಸಿಗಳಲ್ಲಿ ಮಡಿ ಮೈಲಿಗೆಯ ವಾದ ಬಹಳ ಕಾಲದ್ದು. ಕತ್ತರಿಸಿದ್ದು, ಅಂಟಿಸಿದ್ದು ಮತ್ತೆ ಬಿಚ್ಚಿ ಬೇರೆಯದಾಗಿ ಕಟ್ಟಲು ಬರುವುದಿಲ್ಲ ಎಂಬ ಮಾತಿನಲ್ಲಿ ತಿರುಳಿದೆ. ಉಳಿದದ್ದು ಅವರವರ ಭಾವಕ್ಕೆ. ಬರೀ ನೋಡುವುದಕ್ಕೆಂದೇ ಕಟ್ಟುವ ಎಂಜಿನ್ನುಗಳೂ ಉಂಟು. ಹ್ಯಾರಿ ಪಾಟರ್ ಕತೆಯ ‘ಹಾಗ್ವರ್ಟ್ಸ್ ಎಕ್ಸ್‌ಪ್ರೆಸ್’ನ 2022ರ ಆವೃತ್ತಿಗೆ 5129 ಬಿಡಿಭಾಗ, ಒಂದು ಮೀಟರಿಗೂ ಮಿಕ್ಕ ಉದ್ದ. ಮೇಜಿನ ಮೇಲೆ ಅದರ ಗತ್ತೇ ಗತ್ತು. ಆದರೆ ಓಡುವ ಪುಟ್ಟ ಎಂಜಿನ್ ದಿನಕ್ಕೆ ಮೂರು ಸಲ ಬಿದ್ದು ಕಲಿಸುವುದನ್ನು ಅದು ಕಲಿಸಲಾರದು.

ಬೆಲೆಯ ಮಾತಿಗೆ ಬಂದರೆ, ಪೆಟ್ಟಿಗೆಯೇ ಕೊಳ್ಳಬೇಕೆಂದಿಲ್ಲ. 1995ರಲ್ಲಿ ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ ಎಂಬ ತರುಣ ‘ಎಲ್‌ಡ್ರಾ’ ಎಂಬ ಕಂಪ್ಯೂಟರ್ ಕ್ರಮವಿಧಿ ಬರೆದು ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟುಕೊಟ್ಟ. ಪರದೆಯ ಮೇಲೆ ಇಟ್ಟಿಗೆ ಪೇರಿಸುವ ವಿದ್ಯೆ ಅದು. 1997ರಲ್ಲಿ ಎಳೆಯ ವಯಸ್ಸಿನಲ್ಲೇ ಆತ ತೀರಿಕೊಂಡರೂ ಬೇರೆಯವರು ಅದನ್ನು ಬೆಳೆಸಿದರು. ‘ಸ್ಟುಡಿಯೋ’ ಎಂಬ ಇನ್ನೊಂದು ಕ್ರಮವಿಧಿಯೂ ಉಚಿತವಾಗಿ ಸಿಗುತ್ತದೆ. ಒಂದೇ ಒಂದು ಇಟ್ಟಿಗೆ ಕೊಳ್ಳದೆ ಇಡೀ ಎಂಜಿನ್ ಕಟ್ಟಿ, ಎಷ್ಟು ತುಂಡು ಬೇಕೆಂದು ಎಣಿಸಿ, ಬೇಕಾದಷ್ಟನ್ನೇ ಬಿಡಿಯಾಗಿ ತರಿಸುವವರಿದ್ದಾರೆ. ಒಂದು ಎಚ್ಚರಿಕೆ ಮಾತ್ರ ಬೇಕು: ಪರದೆಯ ಮೇಲೆ ತೂಕವಿಲ್ಲ, ಜಾರುವುದಿಲ್ಲ, ಮಗುಚುವುದಿಲ್ಲ. ಅಲ್ಲಿ ಗೆದ್ದ ಎಂಜಿನ್ ಚಾಪೆಯ ಮೇಲೆ ಸೋತದ್ದುಂಟು.

ಹಾಗೆ ಕಟ್ಟಲು ಇಂಗ್ಲೆಂಡಿನ ಎಂಜಿನ್ನೇ ಆಗಬೇಕೆಂದೂ ಇಲ್ಲ. ಮೂತಿಯಲ್ಲಿ ಗುಂಡಿನಾಕಾರದ ಗುಬ್ಬಿಯಿದ್ದ ಡಬ್ಲ್ಯೂಪಿ ದರ್ಜೆಯ ಎಂಜಿನ್ನುಗಳು 1947ರಲ್ಲಿ ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಭಾರತಕ್ಕೆ ಬಂದವು. ಎಕ್ಸ್‌ಪ್ರೆಸ್ ರೈಲುಗಳನ್ನು ದಶಕಗಟ್ಟಲೆ ಎಳೆದವು. ಇಲ್ಲಿನ ಬ್ರಾಡ್‌ಗೇಜ್ 1676 ಮಿಲಿಮೀಟರ್. 37.5ರಿಂದ ಭಾಗಿಸಿದರೆ ಸುಮಾರು 44.7. ಡಬ್ಲ್ಯೂಪಿಯ ದೊಡ್ಡ ಗಾಲಿ 1705 ಮಿಲಿಮೀಟರ್. ಅಂದರೆ ಆಟಿಕೆಯಲ್ಲಿ 38. ಸ್ಕಾಟ್ಸ್‌ಮನ್ನಿನ 53ರ ಮುಂದೆ ಇದು ಎಷ್ಟೋ ಹಗುರ. ಗಾಲಿ ಚಿಕ್ಕದಾದಷ್ಟೂ ಅವನ್ನು ಹತ್ತಿರ ಹತ್ತಿರ ಕೂರಿಸಬಹುದು, ಜ್ಯಾ ಮೊಟಕಾಗುತ್ತದೆ, ನಡುಗಾಲಿಯ ಕಷ್ಟವೂ ಇಳಿಯುತ್ತದೆ. ಅಜ್ಜನನ್ನು ಕೇಳಿದರೆ ಬಣ್ಣ, ಶಬ್ದ, ಕಿಟಕಿಯಿಂದ ಕಣ್ಣಿಗೆ ಬೀಳುತ್ತಿದ್ದ ಕಲ್ಲಿದ್ದಲ ಕಿಡಿಯ ವಿವರವೆಲ್ಲ ಸಿಗುತ್ತದೆ.

ಇನ್ನೂ ಹಟಮಾರಿಗಳಾದ ಕೆಲವರು ಮೋಟಾರನ್ನೇ ಕಿತ್ತೆಸೆಯುತ್ತಾರೆ. ಲೆಗೋದಲ್ಲಿ 1984ರಿಂದ ಗಾಳಿಯ ಒತ್ತಡದಿಂದ ಕೆಲಸ ಮಾಡುವ ಪುಟ್ಟ ಸಿಲಿಂಡರು, ಪಂಪು, ಕವಾಟಗಳಿವೆ. ಎರಡು ಸಿಲಿಂಡರುಗಳನ್ನು ಕಾಲು ಸುತ್ತಿನ ಅಂತರದಲ್ಲಿ ಇಟ್ಟು, ಒಂದರ ಚಲನೆಯಿಂದ ಇನ್ನೊಂದರ ಕವಾಟ ತೆರೆದು ಮುಚ್ಚುವಂತೆ ಹೊಂದಿಸಿದರೆ ಅಚ್ಚು ತಾನಾಗಿಯೇ ತಿರುಗುತ್ತದೆ. ಕೊಳವೆಗಳು ಸೋರುತ್ತವೆ, ವೇಗ ಹೇಳಿಕೊಳ್ಳುವಂಥದ್ದಲ್ಲ, ಪಂಪು ಒತ್ತಿ ಒತ್ತಿ ಕೈ ಸೋಲುತ್ತದೆ. ಆದರೆ ಪ್ರತಿ ಹೊಡೆತಕ್ಕೂ ‘ಫುಸ್’ ಎಂಬ ಸದ್ದು ಬರುತ್ತದೆ. ಅಲ್ಲಿ ಗಾಲಿ ಸಲಾಕೆಯನ್ನು ಆಡಿಸುವುದಿಲ್ಲ; ಸಲಾಕೆಯೇ ಗಾಲಿಯನ್ನು ತಿರುಗಿಸುತ್ತದೆ.